ಯಾವ ಬಾದಾಮಿ?

ನೀರಿನ ಮೀಟರ್ ಓದುವ ಆ ಹೆಂಗಸನ್ನು ಎಲ್ಲರೂ ಮೀಟರಕ್ಕ ಅಂತಲೇ ಕರೆಯುತ್ತಿದ್ದರು. ಕೆದಕುವ ಬುದ್ಧಿ ಹುಟ್ಟಿನಿಂದ ಬಂದದ್ದು. ಗೇಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಮುಚ್ಚಳ ಎತ್ತಿ, ಗಾಜಿನ ಮೇಲಿನ ಮಣ್ಣನ್ನು ಹೆಬ್ಬೆರಳಲ್ಲಿ ಒರೆಸಿ ಅಂಕಿ ನೋಡುವಷ್ಟರಲ್ಲಿ ಆ ಮನೆಯ ಸೊಸೆಯ ತವರಿನವರೆಗೂ ವಿಚಾರಿಸಿ ಮುಗಿಸಿರುತ್ತಿದ್ದಳು. ಆ ನಾಲಿಗೆಯನ್ನೇ ನಂಬಿ ಅವಳ ಮಾವ ಒಂದು ಕೆಲಸ ಒಪ್ಪಿಸಿದ್ದರು.

ಮಾವ ಬೀಗ ರಿಪೇರಿ ಮಾಡುತ್ತಿದ್ದವರು. ಈಗ ಕಣ್ಣು ಪೂರ್ತಿ ಹೋಗಿತ್ತು. ತಂಗಿಯ ಜೊತೆ ಮಾತು ಬಿಟ್ಟು ಇಪ್ಪತ್ತು ವರ್ಷ. ಯಾಕೆ ಅಂತ ಕೇಳಿದರೆ, "ಹಳೇ ಕಥೆ, ಬಿಡಮ್ಮ" ಎಂದು ತೇಲಿಸಿಬಿಡುವರು. ಕಣ್ಣು ಮುಚ್ಚೋದರೊಳಗೆ ತಂಗಿಯ ದನಿ ಕೇಳಬೇಕು, ಇದೊಂದೇ ಹಂಬಲ. ತಂಗಿಯ ಮನೆಯಿದ್ದ ಊರಿನ ಆ ತುದಿಯ ಬೀದಿಗಳೆಲ್ಲ ಬದಲಾಗಿಹೋಗಿದ್ದವು. ಅವರ ಹತ್ತಿರ ಉಳಿದ ಗುರುತು ಒಂದೇ: ಮನೆ ಮುಂದೆ ಬಾದಾಮಿ ಮರ.

ಬಾದಾಮಿ ಗೊತ್ತಿಲ್ಲವೇ ಅವಳಿಗೆ! ತಟ್ಟೆಯಗಲದ ಎಲೆ, ಉದುರುವ ಮುಂಚೆ ಕೆಂಪಗಾಗುತ್ತೆ. ಅಂಥ ಮರ ಕಂಡ ಗೇಟನ್ನೆಲ್ಲ ತಟ್ಟಿದಳು. "ನಿಮ್ಮನೇಲಿ ಯಾರಿಗಾದ್ರೂ ಬೀಗದ ಅಣ್ಣ ಇದ್ದಾರಾ?" ಅಂತ ಕೇಳಿ ನಗೆಪಾಟಲಾದದ್ದೇ ಬಂತು.

ಒಂದು ಬೆಳಿಗ್ಗೆ ಯಾವುದೋ ಓಣಿಗೆ ಕಾಲಿಟ್ಟರೆ, ಅಬ್ಬಬ್ಬಾ, ಗಬ್ಬು ನಾತ! ಚರಂಡಿ ಪೈಪ್ ಒಡೆದಿದೆ ಅಂತ ಮೂಗು ಮುಚ್ಚಿಕೊಂಡು ಮುಚ್ಚಳಗಳನ್ನೆಲ್ಲ ಎತ್ತಿ ಬಗ್ಗಿ ನೋಡತೊಡಗಿದಳು.

"ಅಲ್ಲೇನೂ ಇಲ್ಲ ತಾಯಿ," ಎಂದಳು ಕಿಟಕಿ ತುಸುವೇ ತೆರೆದ ಮುದುಕಿ. "ನಾರ್ತಿರೋದು ಆ ಮರದ ಹೂವು. ಬಾದಾಮಿ."

ಮೀಟರಕ್ಕ ತಲೆಯೆತ್ತಿದಳು. ಎತ್ತರದ ಮರ, ಬೆರಳು ಬಿಡಿಸಿಟ್ಟಂಥ ಎಲೆ. "ಇದ್ಯಾವ ಸೀಮೆ ಬಾದಾಮಿ, ಅಜ್ಜಿ?"

"ಇದಕ್ಕೂ ಬಾದಾಮಿ ಅಂತಾರಮ್ಮ, ಕಾಡು ಬಾದಾಮಿ. ತಂಗಿ ಬಾದಾಮಿ ತಿನ್ಲಿ ಅಂತ ನಮ್ಮಣ್ಣ ಸಸಿ ತಂದು ನೆಟ್ಟ. ಹೂ ಬಿಟ್ಟಿದ್ದೇ ತಡ, ಓಣಿಯವರೆಲ್ಲ ಜಗಳಕ್ಕೆ ಬಂದ್ರು. ಈ ಪೀಡೆನ ನಿನ್ನ ಬೀಗದಂಗಡಿ ಮುಂದೆ ನೆಟ್ಕೋ ಅಂತ ನಾನೂ ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಸಿಟ್ಟು ಮಾಡ್ಕೊಂಡು ಹೋದೋನು ಈ ಕಡೆ ತಲೆ ಹಾಕಿಲ್ಲ."

ಮೀಟರಕ್ಕನಿಗೆ ಹುಡುಕುತ್ತಿದ್ದ ಮನೆ ಸಿಕ್ಕಿತ್ತು. ಆದರೂ ಹುಟ್ಟುಗುಣ ಬಿಡುತ್ತದೆಯೇ? "ಮತ್ತೆ ಕಡಿಸಿಬಿಡಬಹುದಿತ್ತಲ್ಲ?"

"ಕಡಿಸಿದ್ರೆ ಅವನಿಗೆ ಮನೆ ಗುರುತು ಸಿಗೋದು ಹೇಗೆ?"

ಮೀಟರಕ್ಕ ಮಾವನಿಗೆ ಫೋನ್ ಹಚ್ಚಿ, ಕಿಟಕಿಯೊಳಗೆ ಕೈ ಹಾಕಿ ಮುದುಕಿಯ ಕಿವಿಗೆ ಹಿಡಿದಳು. "ನಿಮ್ಮಣ್ಣ. ಮಾತಾಡಿ. ಪಾಪ, ಕಣ್ಣು ಹೋಗಿದೆ ಅವರಿಗೆ."

ಮುದುಕಿ ಫೋನನ್ನು ಕೈಗೆ ತೆಗೆದುಕೊಂಡಳು. ಆಮೇಲೆ ಕಿಟಕಿಯನ್ನು ಪೂರ್ತಿ ತೆರೆದು ಅಂದಳು:

"ಅಣ್ಣಾ, ಮರ ಹೂ ಬಿಟ್ಟಿದೆ. ವಾಸನೆ ಹಿಡ್ಕೊಂಡು ಬಂದ್ಬಿಡು."