ಸ್ಟೆಲ್ಲಾ ಮೇಡಂ ನೆಲದ ಮೇಲೆ ಬರೆಯುತ್ತಿದ್ದ ಊರು

ದೀಪಾವಳಿಗೆಂದು ನೈರೋಬಿಯ ರಿವರ್‌ಸೈಡಿನ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಬುಡದಲ್ಲಿ ಯಾರೋ ರಂಗೋಲಿ ಹಾಕಿದ್ದರು. ತರಕಾರಿ ಚೀಲ ಹಿಡಿದ ನಾನು ಅದನ್ನು ತುಳಿಯದೆ ದಾಟಲು ಹೋಗಿ ಗೋಡೆಗೆ ಭುಜ ತಾಗಿಸಿಕೊಂಡೆ. ಗೇಟಿನ ಕಾವಲಿನವನು ನಕ್ಕ. ನಗಲಿ ಬಿಡಿ. ನನಗೆ ಈ ಜಾಗ್ರತೆ ಬಂದದ್ದು ಮನೆಯ ಸಂಸ್ಕಾರದಿಂದಲ್ಲ, ಒಂದು ಫ್ರೆಂಚ್ ಹಳ್ಳಿಯಿಂದ ಎಂದರೆ ನೀವೂ ನಗುತ್ತೀರಿ.

ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ನಾವು ಇದೇ ನಗರದ ಸೌತ್ ಬಿ ಬಡಾವಣೆಯಲ್ಲಿದ್ದೆವು. ನಾನು ಔಷಧಿ ಕಾರ್ಖಾನೆಯೊಂದರಲ್ಲಿ ಮ್ಯಾನೇಜರ್. ಮಗಳಿಗೆ ಶಾಲೆಯಲ್ಲಿ ಫ್ರೆಂಚ್. ಶನಿವಾರದ ಮನೆಪಾಠಕ್ಕೆ ಅವಳನ್ನು ಪಕ್ಕದ ಬೀದಿಯ ಸ್ಟೆಲ್ಲಾ ಮೇಡಂ ಹತ್ತಿರ ಬಿಡುತ್ತಿದ್ದೆ. ಮೇಡಂ ಮೈಸೂರಿನವರು, ಅರವತ್ತು ದಾಟಿದವರು, ನೈರೋಬಿಯ ಎರಡು ತಲೆಮಾರಿನ ಮಕ್ಕಳಿಗೆ ಫ್ರೆಂಚ್ ಕಲಿಸಿದವರು. ಫ್ರಾನ್ಸನ್ನು ಮಾತ್ರ ಕಂಡವರಲ್ಲ. ಮೈಸೂರಿನಲ್ಲಿ ಅವರಿಗೆ ಆ ಭಾಷೆ ಕಲಿಸಿದ್ದು ಒಬ್ಬ ವಯಸ್ಸಾದ ಫ್ರೆಂಚ್ ಪಾದ್ರಿ. ಊರು ಬಿಟ್ಟ ಮೇಲೆ ಒಮ್ಮೆಯೂ ಹಿಂತಿರುಗದ ಆ ಪಾದ್ರಿ ತಮ್ಮ ಹುಟ್ಟೂರನ್ನೇ ಪಾಠ ಮಾಡಿದ್ದರು. ಮೇಡಂ ಅದನ್ನೇ ಇಲ್ಲಿಗೆ ಹೊತ್ತು ತಂದಿದ್ದರು.

ನಡುಮನೆಯ ಕುರ್ಚಿಗಳನ್ನು ಗೋಡೆಗೆ ಸರಿಸಿ, ನೆಲದ ತುಂಬ ರಂಗೋಲಿ ಪುಡಿಯಲ್ಲಿ ಊರು ಬರೆಯುತ್ತಿದ್ದರು. ಊರನ್ನು ಬಳಸಿ ಹರಿಯುವ ಹೊಳೆ, ಮೂರು ಕಮಾನಿನ ಸೇತುವೆ, ದಿಬ್ಬದ ಮೇಲೆ ಚರ್ಚು. ಹಿಂದೆ ಯುದ್ಧ ಬಂದಾಗ ಜನ ದನಕರು ಸಮೇತ ಅದರೊಳಗೆ ಸೇರಿಕೊಳ್ಳುತ್ತಿದ್ದರಂತೆ, ಅದಕ್ಕೇ ಗೋಡೆ ಅಷ್ಟು ದಪ್ಪ. ಚೌಕದಲ್ಲಿ ಮೊದಲ ಮಹಾಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲು. ಚರ್ಚಿನ ಕೆಳಗೆ, ಹೊಳೆಯ ಈಚೆ ದಡದಲ್ಲಿ, ಹೆಂಗಸರು ಸಾಲಾಗಿ ಮಂಡಿಯೂರಿ ಬಟ್ಟೆ ಒಗೆಯುತ್ತಿದ್ದ ಹೆಂಚು ಹೊದಿಸಿದ ಕಟ್ಟೆ. ಮಕ್ಕಳು ಇದರಲ್ಲೆಲ್ಲ ಓಡಾಡುತ್ತ ಫ್ರೆಂಚಿನಲ್ಲಿ ದಾರಿ ಹೇಳಬೇಕು. ಮೊದಲ ದಿನ ನಾನು ಚಪ್ಪಲಿ ಬಿಟ್ಟು ವಿನಯದಿಂದ ಒಳಗೆ ಕಾಲಿಟ್ಟೆ. “ಅಪ್ಪಾ, ಯು ಆರ್ ಸ್ಟ್ಯಾಂಡಿಂಗ್ ಇನ್ ದ ರಿವರ್” ಎಂದಳು ಮಗಳು.

ಮುಂದೆ ಮಾತ್ರೆ ಪ್ಯಾಕ್ ಮಾಡುವ ಯಂತ್ರವೊಂದನ್ನು ನೋಡಿ ಬರಲು ಕಂಪನಿಯವರು ನನ್ನನ್ನೇ ಫ್ರಾನ್ಸಿಗೆ ಕಳಿಸಿದರು. ಪಾದ್ರಿಯ ಊರು ಅಲ್ಲಿಂದ ಒಂದು ಬಸ್ಸಿನ ದೂರ. ಮೇಡಂಗೆ ಮಂಡಿನೋವು, ಅಷ್ಟು ದೂರದ ಪ್ರಯಾಣ ಇನ್ನು ಕನಸಿನ ಮಾತು. “ಒಂದ್ಸಲ ನೋಡ್ಕೊಂಡು ಬನ್ನಿ,” ಎಂದರು. “ಇಷ್ಟು ಮಕ್ಕಳಿಗೆ ಹೇಳ್ಕೊಟ್ಟಿದೀನಿ. ಸುಳ್ಳು ಊರು ಹೇಳ್ಕೊಟ್ಟಿದ್ರೆ ನಂಗೆ ಗೊತ್ತಾಗ್ಬೇಕು.”

ಆ ಊರಿನ ಹೆಸರು ನನ್ನ ನಾಲಿಗೆಗೆ ಇಂದಿಗೂ ಒಗ್ಗಿಲ್ಲ. ಆದರೆ ಬಸ್ಸಿಳಿದವನು ಯಾರನ್ನೂ ಕೇಳದೆ ನಡೆದೆ. ಸೇತುವೆ ಇತ್ತು, ದಪ್ಪ ಗೋಡೆಯ ಚರ್ಚು ಇತ್ತು, ಹೆಸರುಗಳ ಕಲ್ಲಿನ ಬುಡದಲ್ಲಿ ಯಾರೋ ಹೂ ಇಟ್ಟಿದ್ದರು. ನನಗೋ ಒಳಗೊಳಗೇ ಹಿಗ್ಗು, ಊರನ್ನು ನಾನೇ ಕಟ್ಟಿಸಿದ ಹಾಗೆ. ಚರ್ಚಿನ ಕೆಳಗಿಳಿದೆ. ಕಟ್ಟೆ ಇರಲಿಲ್ಲ, ಬರೀ ಹುಲ್ಲು. ಕಟ್ಟೆ ಕಂಡದ್ದು ಸೇತುವೆ ದಾಟಿದ ಮೇಲೆ, ಆಚೆ ದಡದಲ್ಲಿ. ಅಲ್ಲಿ ಒಗೆಯುವವರು ಯಾರೂ ಇರಲಿಲ್ಲ. ನೀರು ತನ್ನಷ್ಟಕ್ಕೆ ಹರಿಯುತ್ತಿತ್ತು.

ಈ ಒಂದು ವಿಷಯ ನುಂಗಿಕೊಂಡರಾಯಿತು ಎಂದು ವಿಮಾನದಲ್ಲಿ ತೀರ್ಮಾನಿಸಿದ್ದೆ. ಮೇಡಂ ಚಹಾ ಕೂಡ ಕೊಡದೆ ಮೊದಲು ಕೇಳಿದ್ದೇ ಅದನ್ನು: ಕಟ್ಟೆ ಯಾವ ದಡದಲ್ಲಿದೆ? ಆ ಮುಖದ ಎದುರು ಸುಳ್ಳು ಹೇಳಲಾಗಲಿಲ್ಲ. ಆಚೆ ದಡದಲ್ಲಿ ಎಂದೆ.

ಅವರು ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಹೇಳಿದರು: “ಫಾದರ್ ಒಂದಿನ ಈ ಕಡೆ ಅನ್ನೋರು, ಒಂದಿನ ಆ ಕಡೆ ಅನ್ನೋರು. ನಾನೇ ಒಂದು ಕಡೆ ಅಂತ ಗಟ್ಟಿ ಮಾಡ್ಕೊಂಡೆ. ಅವರಮ್ಮ ದಿನಾ ಬಟ್ಟೆ ಒಗೀತಿದ್ದ ಜಾಗ ಕಣ್ರೀ ಅದು. ಅದನ್ನೂ ಮರೆತ್ರಾ ಫಾದರ್ ಅಂತ ಹೆಂಗೆ ಕೇಳ್ಲಿ?”

ಮುಂದಿನ ಶನಿವಾರ ಕಟ್ಟೆಯನ್ನು ಆಚೆ ದಡದಲ್ಲಿ ಬರೆದರು. ಅಭ್ಯಾಸವಾಗಿದ್ದ ಮಕ್ಕಳು ಈಚೆ ದಡದಲ್ಲೇ ಹೋಗಿ ನಿಂತರು. ಮೇಡಂ ನೋಯುವ ಕಾಲೆಳೆಯುತ್ತ, ಸೀರೆಯ ನೆರಿಗೆ ಎತ್ತಿ ಹಿಡಿದು ತಾವೇ ಸೇತುವೆ ದಾಟಿದರು. ಆಚೆ ನಿಂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದರು. ನನಗೆ ಅಳು ಬಂದಂತಾಗಿ ಕಾರಿನ ಹತ್ತಿರ ಹೋಗಿ ನಿಂತೆ.

ಅವರಿಗಾಗಿ, ಅವರ ಫಾದರಿಗಾಗಿ ಮರುಗಿದೆ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಈ ಸಂಜೆ ರಂಗೋಲಿ ದಾಟಿ ಮನೆಯೊಳಗೆ ಬಂದವನು ನಾನು ಹುಟ್ಟಿ ಬೆಳೆದ ದಾವಣಗೆರೆಯ ಬೀದಿಯನ್ನು ಒಂದು ಹಾಳೆಯ ಮೇಲೆ ಬರೆಯಲು ಕೂತೆ. ಮನೆ ಬಂತು, ಎದುರಿನ ಮಂಡಕ್ಕಿ ಭಟ್ಟಿ ಬಂತು. ಬೀದಿಯ ನಲ್ಲಿಯನ್ನು ಎಲ್ಲಿ ಹಾಕುವುದೆಂದು ಪೆನ್ನು ನಿಂತಿತು. ಅಮ್ಮ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಹೊಸಲು ದಾಟುವುದು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿಂದ ಅವಳು ಎಡಕ್ಕೆ ತಿರುಗುತ್ತಿದ್ದಳೋ ಬಲಕ್ಕೋ, ನೆನಪಾಗುತ್ತಿಲ್ಲ.