ಹೊಸದಾಗಿ ಹುಟ್ಟಿದ ಹಳೇ ವಾಚು

ಎಂಬತ್ತರ ದಶಕದಲ್ಲಿ ಜಯನಗರದಲ್ಲಿ ನನ್ನದೊಂದು ವಾಚ್ ರಿಪೇರಿ ಅಂಗಡಿ ಇತ್ತು. ಒಂದು ದಿನ ಹವಾಯಿ ಚಪ್ಪಲಿ ಹಾಕಿಕೊಂಡ ಒಬ್ಬರು ಬಂದು, ಕರ್ಚೀಫಿನ ಗಂಟು ಬಿಚ್ಚಿ ಚಿನ್ನದ ಸ್ವಿಸ್ ವಾಚೊಂದನ್ನು ಮುಂದಿಟ್ಟರು. ಡಯಲ್ಲು ನಮ್ಮ ತಾತನ ಕಾಲದ್ದು, ಗಾಜಿನ ಮೇಲೆ ಮಾತ್ರ ಒಂದು ಗೀರೂ ಇಲ್ಲ. ನನಗೆ ಆಗಲೇ ಅನುಮಾನ ಬಂತು.

"ಹಳೇ ಡಿಸೈನನ್ನೇ ಕಂಪನಿಯೋರು ಮತ್ತೆ ಮಾಡಿದ್ದಾರೆ ಸಾರ್. ಪ್ರಪಂಚಕ್ಕೆಲ್ಲ ನೂರೇ ಪೀಸಂತೆ. ನಮ್ಮ ಭಾವ ಫಾರಿನ್ನಿಂದ ತಂದುಕೊಟ್ರು," ಅಂದರು.

ಅಂಥ ನೂರರಲ್ಲಿ ಒಂದು, ಬಸ್ಸು ಹತ್ತಿಕೊಂಡು ನನ್ನ ಅಂಗಡಿಗೆ ಬರುತ್ತಾ? ಡೂಪ್ಲಿಕೇಟ್ ಇರಬೇಕು, ಇಲ್ಲಾ ಕದ್ದ ಮಾಲು. ಪೊಲೀಸರು ಬಂದರೆ ಮೊದಲು ಸಿಕ್ಕಿಬೀಳೋನು ನಾನು.

"ಯಾವಾಗ ನಿಂತಿದ್ದು?" ಅಂದೆ.

"ನೆನ್ನೆ ಸಾರ್. ಪಾತ್ರೆ ಅಂಗಡಿಗೆ ಹೋಗಿಬಂದ ಮೇಲೆ."

ವಾಚನ್ನು ಮಗುಚಿ ನೋಡಿದೆ. ಮದುವೇಲಿ ಕೊಡೋ ಸ್ಟೀಲ್ ಚೊಂಬಿನ ಮೇಲಿರುವಂತೆ, ಚಿನ್ನದ ಮೇಲೆ ಚುಕ್ಕೆ ಚುಕ್ಕೆಯಾಗಿ ಇನಿಷಿಯಲ್ ಸಮೇತ ಅವರ ಹೆಸರು. ಕೆಳಗೆ ಊರು ಬೇರೆ, ಚಿಕ್ಕಲಸಂದ್ರ ಅಂತ.

"ಮಷಿನ್ನಲ್ಲಿ ಹೊಡೆಸಿದೆ. ರಿಪೇರಿಗೆ ಕೊಟ್ರೆ ಅಂಗಡಿಯೋರು ಬದಲಾಯಿಸಿಬಿಡ್ತಾರಂತಲ್ಲ ಸಾರ್, ಅದಕ್ಕೇ," ಅಂತ ನನ್ನ ಕೈಯನ್ನೇ ದಿಟ್ಟಿಸಿ ನೋಡಿದರು.

ಕದ್ದ ಮಾಲಲ್ಲ ಅನ್ನೋದು ನನಗೆ ಖಾತ್ರಿಯಾಯಿತು. ಕಳ್ಳನಾಗಿದ್ದರೆ ವಾಚಿನ ಮೇಲೆ ಒಂಚೂರು ಕರುಣೆ ಇರ್ತಿತ್ತು.