ಅವರೆಕಾಯಿಗೆ ಕಥೆ ಹೇಳಿದವಳು

ನನ್ನ ಅಕ್ಕ ಮಾತಾಡುವಾಗ ಎಡಗೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಾಳೆ. ಮುಂದಿನ ಹಲ್ಲುಗಳು ಬಿದ್ದ ಸಂದಿಯಲ್ಲಿ ಎಲೆಯಡಿಕೆಯ ಕೆಂಪು ಕಾಣುವುದು ಅವಳಿಗೆ ನಾಚಿಕೆ. ನನ್ನ ಮಗಳ ಶಾಲೆಯ ಕೋಣೆಯಲ್ಲಿ ಮಾತ್ರ ಅವಳು ಕೈ ಅಡ್ಡ ಹಿಡಿಯಲಿಲ್ಲ. ಅವತ್ತು ನಾನು ಅವಳ ಪರವಾಗಿ ಒಂದು ಮಾತು ಆಡಬೇಕಿತ್ತು. ಆಡಲಿಲ್ಲ. ಆಡದೆ ಇದ್ದದ್ದಷ್ಟೇ ಅಲ್ಲ, ಅವಳ ಕಡೆಗೇ ಬೆರಳು ತೋರಿಸಿದೆ.

ಅಕ್ಕನನ್ನು ಕೊಟ್ಟಿದ್ದು ಸೊರಬದ ಕಡೆ, ಕುಬಟೂರಿನ ಹತ್ತಿರದ ಹಳ್ಳಿಗೆ. ಭಾವ ತೀರಿಕೊಂಡ ಮೇಲೆ ಶಿಕಾರಿಪುರದ ನಮ್ಮ ಮನೆಗೆ ಬಂದಳು. ನಾನೂ ನನ್ನ ಹೆಂಡತಿಯೂ ಹಿಟ್ಟಿನ ಗಿರಣಿಯಲ್ಲೇ ಇರುವವರು. ಮಗಳು ಬೆಳೆದದ್ದು ಅಕ್ಕನ ಕೈಯಲ್ಲಿ. ನನ್ನನ್ನೂ ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಅವಳೇ. ಅವಳಿಗೆ ಸುಮ್ಮನಿದ್ದು ಕೆಲಸ ಮಾಡಿ ಗೊತ್ತಿಲ್ಲ. ಉಕ್ಕಿದ ಹಾಲನ್ನು ಬಯ್ಯುತ್ತಾಳೆ. ಕರೆಂಟು ಬಂದರೆ, ಯಾವೂರಿಗೆ ಹೋಗಿದ್ದೆ ಇಷ್ಟೊತ್ತು ಎಂದು ಬಲ್ಬನ್ನು ವಿಚಾರಿಸಿಕೊಳ್ಳುತ್ತಾಳೆ.

ಮಗಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದೆ. ಅದಕ್ಕೆ ಈಗಲೂ ನನಗೆ ನಾಚಿಕೆಯಿಲ್ಲ. ನಾನು ಓದಿದ್ದು ಏಳನೇ ಕ್ಲಾಸು. ಗಿರಣಿಗೆ ತಂದ ಹೊಸ ಮೋಟಾರಿನ ಮೇಲೆ ಬರೆದಿದ್ದನ್ನು ಓದಲಾರದೆ, ವೈರನ್ನು ತಪ್ಪಾಗಿ ಕೊಟ್ಟು ಸುಟ್ಟುಹಾಕಿದವನು. ಮಗಳಿಗೆ ಆ ಗತಿ ಬೇಡ ಎನ್ನುವುದು ನನ್ನ ಹಟ. ಮನೆಯಲ್ಲೂ ಇಂಗ್ಲಿಷಿನಲ್ಲೇ ಮಾತಾಡಿ ಎಂದು ಶಾಲೆಯವರು ಹೇಳಿದರು. ತಲೆಯಾಡಿಸಿ ಬಂದೆ. ಮಗೂ ಹತ್ತಿರ ಕನ್ನಡ ಮಾತಾಡಬೇಡ ಎಂದು ಅಕ್ಕನಿಗೂ ಹೇಳಿದೆ.

ಮಾರನೇ ಸಂಜೆ ಗಿರಣಿಯಿಂದ ಬಂದಾಗ ಅಕ್ಕ ಮೊರದ ಮುಂದೆ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಅವಳ ಕಥೆಯಲ್ಲಿ ಒಂದು ನರಿ ಕ್ಯಾಸನೂರಿನ ಕಾಡಿನಿಂದ ಹೆಣ್ಣು ನೋಡಲು ಹೊರಟಿತ್ತು. ಬಂದಳಿಕೆಯ ಪಾಳುಗುಡಿಯ ಕಲ್ಲಾನೆಯನ್ನು ಕಂಡು, ಇದೇ ಬೀಗರ ಮನೆ ಇರಬೇಕೆಂದು ಅಡ್ಡಬಿದ್ದಿತ್ತು. ಮಗಳು ಸ್ವಲ್ಪ ದೂರದಲ್ಲಿ ಗೋಡೆಗೆ ಒರಗಿ, ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ಏನಕ್ಕ ಇದು ಎಂದು ರೇಗಿದೆ.

"ನಿನ್ನ ಮಗಳ ಹತ್ರ ನಾನು ಒಂದು ಮಾತೂ ಆಡಿಲ್ಲ ಕಣೋ," ಎಂದಳು ಅಕ್ಕ, ಕಾಯಿ ಸುಲಿಯುತ್ತಲೇ. "ಅವರೆಕಾಯಿಗೆ ಹೇಳ್ತಾ ಇದೀನಿ. ಇವೂ ಇಂಗ್ಲಿಷ್ ಶಾಲೆಗೆ ಹೋಗ್ತಾವೇನು?"

ಅಂದಿನಿಂದ ಕಥೆ ದಿನವೂ ಅಕ್ಕಿಗೋ ಬೇಳೆಗೋ ಒಲೆಗೋ ನಡೆಯಿತು. ನಾನು ಕೇಳಿಸದವನಂತೆ ಇದ್ದೆ. ಶಾಲೆಯಿಂದ ಕರೆ ಬಂದಾಗ ಮಾತ್ರ ಹೆದರಿದೆ. ಗಿರಣಿ ಬಿಟ್ಟು ಬರಲು ಹೆಂಡತಿಗೆ ಆಗಲಿಲ್ಲ. ಅಕ್ಕ ಜೊತೆಗೆ ಬಂದಳು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ನಮ್ಮ ಹುಡುಗಿ ಕಥೆ ಶುರುಮಾಡುತ್ತಾಳೆ, ಉಳಿದ ಮಕ್ಕಳೆಲ್ಲ ಇಂಗ್ಲಿಷ್ ಮರೆತು ಅವಳ ಸುತ್ತ ಕೂರುತ್ತವೆ ಎಂಬುದು ಟೀಚರ ದೂರು. ಅದನ್ನು ಅವರು ಹೇಳಿದ್ದು ಕನ್ನಡದಲ್ಲೇ. ಮನೆಯಲ್ಲಿ ಇದನ್ನೆಲ್ಲ ಯಾರು ಕಲಿಸುವುದು ಎಂದು ಕೇಳಿದರು. ನಾನು ಅಕ್ಕನನ್ನು ತೋರಿಸಿ, "ಇವಳೇ ಮಿಸ್. ಎಷ್ಟು ಹೇಳಿದ್ರೂ ಕೇಳಲ್ಲ" ಎಂದೆ.

ಅಕ್ಕ ಎದ್ದು ನಿಂತಳು. ಕೈ ಸೊಂಟದ ಮೇಲಿತ್ತು.

"ಹೌದ್ರೀ, ನಾನೇ. ನೀವು ಇಂಗ್ಲಿಷ್ ಕಲಿಸ್ರಿ, ಚೆನ್ನಾಗಿ ಕಲಿಸ್ರಿ. ಅದು ಬರಬೇಕು ಅಂದ್ರೆ ಇದ್ಯಾಕ್ರೀ ಹೋಗಬೇಕು? ಮಗೂ ಬಾಯಿ ಏನು ಒಬ್ಬರೇ ಕೂರೋ ಸೈಕಲ್ಲಾ?"

ಟೀಚರಿಗೆ ನಗು ಬಂದಿತ್ತು, ತಡೆದುಕೊಂಡರು. ನಾನು ಕೂಡ ನಕ್ಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಕೈ ಮುಗಿದು ಕ್ಷಮೆ ಕೇಳಿದೆ, ಟೀಚರ ಹತ್ತಿರ! ಮನೆಗೆ ಬಂದ ಮೇಲೆ, ಪರೀಕ್ಷೆ ಮುಗಿಯುವವರೆಗೆ ಊರಲ್ಲಿ ಇದ್ದು ಬಾ ಎಂದು ಅಕ್ಕನಿಗೆ ಹೇಳಿದೆ. ಅವಳು ಎರಡು ಸೀರೆ ಮಡಚಿಕೊಂಡು ಸೊರಬದ ಬಸ್ಸು ಹತ್ತಿದಳು.

ಆಮೇಲೆ ನಮ್ಮ ಮನೆಯಲ್ಲಿ ಇಂಗ್ಲಿಷ್ ನಡೆಯಿತು. ನನಗೂ ಹೆಂಡತಿಗೂ ಬರುವುದು ಕಮ್, ಸಿಟ್, ಈಟ್, ಗೋ. ನಾಯಿಗೆ ಹೇಳುವಷ್ಟು ಮಾತನ್ನು ಇಟ್ಟುಕೊಂಡು ನಾವು ಮಗಳನ್ನು ಸಾಕತೊಡಗಿದೆವು. ಈಗ ತುಂಬ ಸುಧಾರಿಸಿದ್ದಾಳೆ, ಗಲಾಟೆಯೇ ಇಲ್ಲ ಎಂದು ಶಾಲೆಯಲ್ಲಿ ಹೊಗಳಿದರು. ನಾನೂ ಹಿಗ್ಗಿದೆ.

ಒಂದು ಸಂಜೆ ಮಗಳು ಅಂಗಳದಲ್ಲಿ ಬಿದ್ದು ಮೊಣಕಾಲು ತರಚಿಕೊಂಡು ಒಳಗೆ ಬಂದಳು. ರಕ್ತ ಪಾದದವರೆಗೆ ಇಳಿದಿತ್ತು. ಅಳಲಿಲ್ಲ. ಬಾಗಿಲಲ್ಲೇ ನಿಂತು, ಬಾಯಿ ತೆರೆದು, ಯಾವುದೋ ಮಾತಿಗಾಗಿ ಹುಡುಕುತ್ತಿದ್ದಳು. ನಾನು "ವಾಟ್?" ಎಂದೆ. ಮುಂದಿನ ಮಾತು ನನಗೂ ಬರಲಿಲ್ಲ. ಅಪ್ಪನೂ ಮಗಳೂ ಒಬ್ಬರನ್ನೊಬ್ಬರು ನೋಡುತ್ತ ನಿಂತೆವು. ಕೊನೆಗೆ ನಾನೇ ಅವಳನ್ನು ಎತ್ತಿಕೊಂಡು, ಎಲ್ಲಿ ಬಿದ್ದೆ ಚಿನ್ನ, ಉರಿಯುತ್ತಾ ಎಂದೆ. ಆಗ ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ಬೇಕು ಎಂದಳು.

ಮಗಳು ಅದೇ ಶಾಲೆಗೆ ಹೋಗುತ್ತಾಳೆ, ಇಂಗ್ಲಿಷ್ ಕಲಿತೇ ಕಲಿಯುತ್ತಾಳೆ. ಆದರೆ ನನ್ನ ಹೊಸ್ತಿಲ ಒಳಗೆ ಯಾವ ಮಾತು ಇರಬೇಕು ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಇದನ್ನು ಟೀಚರಿಗೆ ಹೇಳಿಯೇ ಸೊರಬದ ಬಸ್ಸು ಹತ್ತಿದೆ.

ಅಕ್ಕ ಅಂಗಳಕ್ಕೆ ಸಗಣಿ ಸಾರಿಸುತ್ತಿದ್ದಳು. ಪಕ್ಕದ ಮನೆಯ ಹೆಂಗಸರು ಕಟ್ಟೆಯ ಮೇಲಿದ್ದರು. ನಾನು ಮಳೆಬೆಳೆ ವಿಚಾರಿಸಿದೆ, ತಂದ ಬಾಳೆಹಣ್ಣು ಕೊಟ್ಟೆ, ಮಗಳು ನಿನ್ನನ್ನು ನೆನೆಸುತ್ತಿದ್ದಾಳೆ ಎಂದೆ. ಅಕ್ಕ ತಲೆ ಎತ್ತಲಿಲ್ಲ. "ಸಾರಿ ಅಕ್ಕ" ಎಂದೆ.

"ಅದು ಬಸ್ಸಲ್ಲಿ ಕಾಲು ತುಳಿದೋರು ಹೇಳೋದು," ಎಂದಳು. "ನೀನು ತುಳಿದಿದ್ದು ಕಾಲಲ್ಲ."

ಕಟ್ಟೆಯ ಮೇಲಿನ ಹೆಂಗಸರು ನಮ್ಮ ಕಡೆ ತಿರುಗಿದರು. ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ತಪ್ಪಾಯ್ತು ಅಕ್ಕ. ನನಗೆ ಮಾತು ಕಲಿಸಿದೋಳು ನೀನು. ನಿನ್ನ ಬಾಯೇ ಕಟ್ಟೋಕೆ ಹೋದೆ. ತಪ್ಪಾಯ್ತು."